ಅಳತೆ ಕೂಗದ ಅಂಗಡಿ

ಕಿಟಕಿಯ ಬೆಳಕು ಹೊಲಿಗೆ ಯಂತ್ರದ ಮೇಲೆ ಬಂದು ನಿಂತಿದೆ. ಸೂಜಿ ಬಟ್ಟೆಯೊಳಗೆ ಅರ್ಧ ಇಳಿದು ಹಾಗೆಯೇ ಉಳಿದಿದೆ. ಪಕ್ಕದಲ್ಲಿ ಸವೆದು ಉಗುರಿನಷ್ಟಾದ ಸೀಮೆಸುಣ್ಣ. ಸ್ಟೂಲಿನ ಮೇಲೆ ನಾಲ್ಕು ಮಡಿಕೆಯ ಹಳೆಯ ಟವೆಲ್ಲು. ಅದರ ಮೇಲೆ ಯಾರೂ ಕುಳಿತಿಲ್ಲ.

ಕುಳಿತುಕೊಳ್ಳಬೇಕಾದವಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕೋಟುಗಳ ಒಳಗೆ ಅಸ್ತರು ಹೊಲಿಯುವ ಅವಳು ನಮಗೆಲ್ಲ ಅಸ್ತರಕ್ಕ. ಎದುರಿಗೆ ಆಸ್ಪತ್ರೆಯ ಬಾಕಿ ವಸೂಲಿಗೆ ಬಂದವನು. ಒಳ್ಳೆಯ ಕೋಟು ತೊಟ್ಟಿದ್ದ.

ನಮ್ಮ ಅಂಗಡಿಯಲ್ಲಿ ಗಿರಾಕಿಯ ಅಳತೆಯನ್ನು ಗಟ್ಟಿಯಾಗಿ ಹೇಳುವುದಿಲ್ಲ. ಬರೆದುಕೊಳ್ಳುವವರ ಕಿವಿಗಷ್ಟೇ ಹೇಳುತ್ತೇವೆ. ಸೊಂಟ ಅವರದು, ಸಂಕಟವೂ ಅವರದು. ಅಂಥ ಕಡೆ ಇವನು ಕಾಗದ ಬಿಡಿಸಿ, ಆ ಬಾಕಿ ಯಾವ ಆಪರೇಷನ್ನಿನದೆಂದು ಎಲ್ಲರಿಗೂ ಕೇಳುವಂತೆ ಓದಿಬಿಟ್ಟ. ನಕ್ಕರೂ ಕೆಮ್ಮಿದರೂ ಮೂತ್ರ ತಡೆಯಲಾಗದ ಕಾಯಿಲೆ. ತಪ್ಪಿದ್ದು ಒಂದು ಕಂತು. ಹೊಟ್ಟೆನೋವೆಂದು ನಮಗೆ ಹೇಳಿಕೊಂಡಿದ್ದವಳ ಮುಖ ಸೀಮೆಸುಣ್ಣದಂತಾಯಿತು.

“ದುಡ್ಡು ಬರದಿದ್ರೆ ನಾಳೆ ನಿಮ್ಮ ಬೀದೀಲೂ ಇದನ್ನೇ ಓದ್ತೀನಮ್ಮ.”

ಯಂತ್ರಗಳೆಲ್ಲ ನಿಂತವು. ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅಜ್ಜಿ ಹಲ್ಲಿನಿಂದ ದಾರ ಕಡಿದಳು.

“ನನ್ನದೂ ಬರ್ಕೊಳ್ಳಪ್ಪ. ಮೂಲವ್ಯಾಧಿ. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಚೆನ್ನಾಗಿ ಓದ್ತೀಯ, ಅದನ್ನೂ ಓದು.”

ಇಸ್ತ್ರಿಯವನು ತನ್ನ ಕಜ್ಜಿ ಮೈಯಲ್ಲಿ ಎಲ್ಲೆಲ್ಲಿದೆ ಎಂಬುದನ್ನು ಸಾವಕಾಶವಾಗಿ ವಿವರಿಸಿದ. ಬಟ್ಟೆ ಕತ್ತರಿಸುವ ನಾನು ಕಟ್ಟಿಸಿಕೊಂಡ ಹಲ್ಲುಸೆಟ್ಟನ್ನು ತೆಗೆದು ಅವನ ಮುಂದಿಟ್ಟೆ. ಹೇಳುವುದಕ್ಕಿಂತ ತೋರಿಸುವುದೇ ಸುಲಭವೆನಿಸಿತು.

ಅಸ್ತರಕ್ಕನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಏನೂ ಆಗಲಿಲ್ಲ. ಆಪರೇಷನ್ನು ಚೆನ್ನಾಗಿಯೇ ಆಗಿತ್ತು.

“ಅಣ್ಣಾ, ಈ ಕೋಟು ಹೊಲಿದಿದ್ದು ಇದೇ ಅಂಗಡೀಲಿ. ಅಸ್ತರು ನಂದು. ಒಳಗೆ ಎಲ್ಲೆಲ್ಲಿ ಎಷ್ಟೆಷ್ಟು ಹತ್ತಿ ತುಂಬಿದೀವಿ ಅಂತ ನಂಗೊತ್ತು.”

ಅವನ ಕೈ ತಾನಾಗಿಯೇ ಭುಜಕ್ಕೆ ಹೋಯಿತು.

“ಹೆದರ್ಬೇಡಿ, ಹೇಳಲ್ಲ. ಇಲ್ಲಿ ಕೂಗೋ ಪದ್ಧತಿ ಇಲ್ಲ. ಕಂತು ಕಟ್ತೀನಿ. ಆದ್ರೆ ನನ್ನ ಕಾಯಿಲೇನ ನಿಮ್ಮ ಕೈಗೆ ಕೊಟ್ಟವರು ಯಾರು ಅಂತ ನಾಳೆ ಆಸ್ಪತ್ರೇಲಿ ಕೇಳ್ತೀನಿ.”

“ಕೇಳ್ತೀವಿ,” ಎಂದು ಅಜ್ಜಿ ತಿದ್ದಿದಳು.

ಇಸ್ತ್ರಿಯವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ನಾನು ಹಲ್ಲು ಹಾಕಿಕೊಂಡೆ; ನಾಳೆ ಮಾತಾಡುವ ಕೆಲಸವಿತ್ತು.

ವಸೂಲಿಯವನು ಕಾಗದವನ್ನು ಮಡಿಸಿದ, ಸಣ್ಣದಾಗುವವರೆಗೂ ಮಡಿಸಿದ. ಅಗಲವಾದ ಭುಜಗಳು ಚೌಕಟ್ಟಿಗೆ ತಾಗದಂತೆ ಓರೆಯಾಗಿ ಹೊರಗೆ ದಾಟಿದ. ಅವನ ಬೆನ್ನ ಹಿಂದೆ ಬಾಗಿಲು, ಸದ್ದು ಮಾಡದೆ, ಮುಚ್ಚಿಕೊಂಡಿತು.