ಕುದಿಯುವ ಪ್ಲಿಮತ್ತು

ನಮ್ಮ ಭಾವ ದೇವರಾಜೇಗೌಡರ ಪ್ಲಿಮತ್ ಕಾರು ಒಂದು ಮೈಲಿ ಓಡುವಷ್ಟರಲ್ಲಿ ಕುದಿಯುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಭಾವ ಇಳಿದು ದೂರ ಹೋಗಿ ಮೀಸೆ ತಿರುವುತ್ತ ನಿಲ್ಲುತ್ತಿದ್ದರು. ಅದು ಬಿಟ್ಟರೆ ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಸಕಲೇಶಪುರದ ಕಡೆಯ ಕಾಫಿ ತೋಟದ ಸಾಹೇಬನೊಬ್ಬ ಊರು ಬಿಟ್ಟು ಹೋಗುವಾಗ ಮಾರಿದ ಅಮೆರಿಕದ ಗಾಡಿ ಅದು. ಕೊಳ್ಳುವ ಮುಂಚೆ ಎಂಜಿನ್ ನೋಡಿ ಸರಿಯಾಗಿದೆ ಎಂದವನು ನಾನು. ಅರಕಲಗೂಡಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದರ ಆಯಿಲ್ ಎಂಜಿನ್ನನ್ನು ನಾನೇ ಬಿಚ್ಚಿ ನಾನೇ ಕಟ್ಟುತ್ತೇನೆ. ಕಾರು ಕುದಿಯತೊಡಗಿದ ಮೇಲೆ ಭಾವ ಹಳೇಕೋಟೆಯ ತಮ್ಮ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: "ನಮ್ ಭಾವಮೈದ ಪುಟ್ಟರಾಜು ನೋಡಿ ಕೊಡಿಸಿದ್ದು. ಇನ್ನೆಂಗಿರ್ತದೆ?"

ಈ ಮಾತು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಅವರ ಹೊಸ್ತಿಲು ತುಳಿದಿರಲಿಲ್ಲ. ಅಕ್ಕ ಚಿಕ್ಕಲಕ್ಷ್ಮಮ್ಮ ಹೇಳಿಕಳಿಸಿದ್ದರಿಂದ ಹೋದೆ. ಅವಳ ಮಗಳು ಪ್ರೇಮಕುಮಾರಿ ಎಸ್ಸೆಸ್ಸೆಲ್ಸಿ ಪಾಸಾಗಿ ಗ್ರಾಮಸೇವಿಕೆ ಟ್ರೈನಿಂಗಿಗೆ ಅರ್ಜಿ ಹಾಕಿದ್ದಳು. ಮಾರನೆಯ ದಿನ ಬೆಳಿಗ್ಗೆ ಹಾಸನದಲ್ಲಿ ಇಂಟರ್‌ವ್ಯೂ. ಭಾವ ಒಪ್ಪಿದ್ದರು, ಒಂದು ಷರತ್ತು ಹಾಕಿ. ಗೌಡರ ಮಗಳು ಹೋದರೆ ಕಾರಿನಲ್ಲೇ ಹೋಗಬೇಕು, ಬಸ್ಸು ಹತ್ತಕೂಡದು. ಕಾರು ಏಳದಿದ್ದರೆ ಹುಡುಗಿ ಮನೆಯಲ್ಲೇ. ಬರುವ ವರ್ಷ ಅವಳನ್ನು ಯಾವನಿಗೋ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ ಎಂಬುದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾರು ಕೊಟ್ಟಿಗೆಯ ಮುಂದೆ ಮೂತಿಯ ತುಂಬ ಬೆಳ್ಳಿ ಹಲ್ಲು ಬಿಟ್ಟುಕೊಂಡು ನಿಂತಿತ್ತು.

"ಬಾರಯ್ಯ," ಅಂದರು ಭಾವ, ಜಗಲಿಯಿಂದ ಏಳದೆ. "ನೀನ್ ಕೊಡಿಸಿದ್ ಗಾಡಿ. ನೀನೇ ನೋಡು."

"ನಾನ್ ನೋಡ್ದಾಗ ಘಾಟಿ ಹತ್ತಿ ಇಳಿದಿತ್ತು ಭಾವ. ಒಂದ್ ತೊಟ್ಟು ಹಬೆ ಬರ್ನಿಲ್ಲ. ಇಲ್ಲಿಗ್ ಬಂದ್ಮೇಲೆ ಏನ್ ಮಾಡುದ್ರಿ?"

"ಏನ್ ಮಾಡಾನೆ? ಒಳೆನರಸೀಪುರಕ್ಕೆ ಓಗಿ ಬಂದಿವ್ನಿ, ಅಷ್ಟೆಯ."

ಪಕ್ಕದ ಮನೆಯ ರಾಮಣ್ಣ ಅವರ ಜೊತೆ ಎಲೆ ಅಡಿಕೆ ಮೆಲ್ಲುತ್ತಿದ್ದ. ಭಾವನ ಮಾತಿಗೆ ತಲೆ ಅಲ್ಲಾಡಿಸುವುದೇ ಅವನ ಉದ್ಯೋಗ. "ದೃಷ್ಟಿ ಆಗೈತೆ ಕಣ್ಲಾ ಪುಟ್ರಾಜು," ಅಂದ.

"ದೃಷ್ಟಿ ಆದ್ರೆ ಗಾಡಿ ಕುದಿಯಾಕಿಲ್ಲ ರಾಮಣ್ಣ. ನೋಡ್ದೋನ್ ಹೊಟ್ಟೆ ಕುದೀತದೆ. ನಿಂದೆಂಗೈತೆ?"

ಬಾನೆಟ್ಟು ಎತ್ತಿದೆ. ಮೊದಲು ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದೆ. ಬಿಗಿಯಾಗಿಯೇ ಇತ್ತು. ನೀರಿನ ಪಂಪು ಎಲ್ಲೂ ಸೋರುತ್ತಿರಲಿಲ್ಲ. ನೀರು ಕಾದ ಮೇಲೆ ಬಾಯಿ ಬಿಟ್ಟು ದಾರಿ ಕೊಡುವ ಹಿತ್ತಾಳೆಯ ಥರ್ಮೋಸ್ಟಾಟನ್ನು ಬಿಚ್ಚಿಕೊಂಡು ಅಡಿಗೆಮನೆಗೆ ಹೋಗಿ ಒಲೆಯ ಮೇಲಿದ್ದ ಬಿಸಿನೀರಿಗೆ ಹಾಕಿದೆ.

"ಅಯ್ಯೋ, ಮುದ್ದೆಗೆ ಇಟ್ಟಿದ್ ಎಸ್ರು ಕಣೋ ಅದು!" ಅಂದಳು ಅಕ್ಕ.

"ನಿನ್ ಗಂಡನ್ ಗಾಡಿಗೂ ಒಂದ್ ತುತ್ತು ಬೇಡ್ವಾ?"

ಎಸರು ಕುದಿಯುತ್ತಿದ್ದ ಹಾಗೇ ಅದು ನೆಟ್ಟಗೆ ಬಾಯಿ ಬಿಟ್ಟಿತು. ಅದರಲ್ಲೂ ದೋಷವಿಲ್ಲ. ಆಮೇಲೆ ಆಳು ಕೆಂಚಯ್ಯನನ್ನು ಕರೆದು, ಕಾದ ನೀರನ್ನು ಗಾಳಿಗೆ ತಣಿಸುವ ರೇಡಿಯೇಟರಿನ ಮೇಲಿನ ಬಾಯಿಗೆ ಕೊಡ ಕೊಡವಾಗಿ ನೀರು ಹೊಯ್ಯಿಸಿದೆ. ಕೆಳಗಿನಿಂದ ಸಲೀಸಾಗಿ, ತಿಳಿಯಾಗಿ ಇಳಿಯಿತು. ಅಂದರೆ ಒಳಗೆ ನೀರಿಗೆ ತಡೆಯಿಲ್ಲ. ಹಾಗಿದ್ದರೆ ಹೊರಗೆ ಗಾಳಿಗೆ ತಡೆಯಿರಬೇಕು. ಬಗ್ಗಿ ನೋಡಿದೆ. ಯಾರೋ ಒದ್ದೆಬಟ್ಟೆಯಲ್ಲಿ ಮುಂಭಾಗವನ್ನು ಚೆನ್ನಾಗಿ ಒರೆಸಿದ್ದರು.

ಸ್ಪ್ಯಾನರ್ ತಗೊಂಡು ರೇಡಿಯೇಟರಿನ ಬೋಲ್ಟಿಗೆ ಕೈ ಹಾಕಿದೆ. ಅಷ್ಟೂ ಹೊತ್ತು ಕದಲದಿದ್ದ ಭಾವ ಆಗ ಜಗಲಿಯಿಂದ ಇಳಿದು ಬಂದರು.

"ಅದನ್ಯಾಕ್ ಬಿಚ್ಚೀಯೆ? ಅದ್ರಾಗೇನಿಲ್ಲ."

"ಇಲ್ದಿದ್ರೆ ತಿರುಗ ಕಟ್ತೀನಿ."

"ಬ್ಯಾಡ ಅಂದ್ನಲ್ಲ!"

ಬೇಡ ಅಂದ ಮೇಲೆ ನನ್ನ ಕೈ ಇನ್ನಷ್ಟು ಚುರುಕಾಗುತ್ತದೆ. ಕೆಂಚಯ್ಯನ ಜೊತೆ ಹಿಡಿದು ರೇಡಿಯೇಟರನ್ನು ಹೊರಗೆತ್ತಿ ಕಲ್ಲಿಗೆ ಆನಿಸಿ ಬಿಸಿಲಿಗೆ ಹಿಡಿದೆ. ಜಾಲರಿಯ ಸಂದಿಗಳಿಂದ ತೂರಿ ಬರಬೇಕಾಗಿದ್ದ ಬೆಳಕು ಬರಲಿಲ್ಲ. ಕಡ್ಡಿ ತೂರಿಸಿದೆ. ಕಂದು ಹೊಟ್ಟು ಉದುರಿತು. ಇನ್ನೊಂದು ಕಡೆ ತೂರಿಸಿದೆ. ಅಲ್ಲೂ ಹೊಟ್ಟು. ಇಟ್ಟಿಗೆಯ ಸಂದಿಯ ಗಾರೆಯ ಹಾಗೆ ಗಿಡಿದುಕೊಂಡಿತ್ತು.

"ಇದೇನ್ ಭಾವ?"

"ರಸ್ತೆ ಧೂಳು," ಅಂದರು ಭಾವ.

"ಧೂಳೇಯ," ಅಂದ ರಾಮಣ್ಣ.

"ಕೆಂಚಯ್ಯ, ಏನಿದು?"

ಕೆಂಚಯ್ಯ ತೆಂಗಿನ ಮರದ ತುದಿ ನೋಡಿದ. "ನಂಗೇನ್ ಗೊತ್ತು ಬುದ್ಧಿ. ನಾನು ದನದ್ ಹಿಂದೆ ಓಗೋನು."

ಅವನನ್ನು ಬೈದು ಪ್ರಯೋಜನವಿಲ್ಲ. ಬಾಯಿ ಬಿಟ್ಟರೆ ನಾಳೆ ಅವನ ಕೂಳಿಗೆ ಕುತ್ತು. ಉಳಿದವರಿಗೇನು ರೋಗ?

ಪ್ರೇಮಕುಮಾರಿ ಬಾಗಿಲಲ್ಲಿ ನಿಂತಿದ್ದಳು. "ಹುರುಳಿ ಹೊಟ್ಟು ಮಾವ," ಅಂದಳು. "ಕಣದಲ್ಲಿ ಹುರುಳಿ ಹಾಸಿ ಅದರ ಮೇಲೆ ಅಪ್ಪ ಕಾರಲ್ಲಿ ಸುತ್ತಿದರು. ಎತ್ತು ಬೇಡ, ಕಲ್ಲುಗುಂಡು ಬೇಡ, ಒಂದು ಹಗಲಲ್ಲಿ ಒಕ್ಕಿಬಿಡ್ತೀನಿ ಅಂತ. ಊರೆಲ್ಲ ನಿಂತು ನೋಡಿತು. ಕೆಂಚಯ್ಯ ಮೆರೆಕೋಲಲ್ಲಿ ತಿರುವಿ ಹಾಕಿದ. ರಾಮಣ್ಣಮಾವನೇ ಚಪ್ಪಾಳೆ ಹೊಡೆದದ್ದು."

ರಾಮಣ್ಣ ಎಲೆ ಅಡಿಕೆ ಉಗಿಯಲು ಬೇಲಿಯ ಕಡೆ ಹೋದವನು ಮತ್ತೆ ಬರಲಿಲ್ಲ.

ಬೂದಿ ಹಾರಿದರೂ ಮೂಗಿಗೆ ಬಟ್ಟೆ ಅಡ್ಡ ಹಿಡಿಯುವ ಜನ ನಾವು. ಈ ಮನುಷ್ಯ ಅಷ್ಟು ದೂರದಿಂದ ಬಂದ ಗಾಡಿಯನ್ನು ಕಣಕ್ಕಿಳಿಸಿ, ಅದರ ಫ್ಯಾನಿನಿಂದ ಹೊಟ್ಟೆಲ್ಲ ಎಳೆಸಿ, ಮೇಲೆ ಬಟ್ಟೆಯಲ್ಲಿ ಒರೆಸಿ, ತಪ್ಪನ್ನು ನನ್ನ ತಲೆಗೆ ಕಟ್ಟಿದ್ದ. ಹೊಡೆಯಬೇಕು ಅನ್ನಿಸಿತು. ಅಕ್ಕನ ಮುಖ ನೋಡಿ ತಡೆದುಕೊಂಡೆ.

ಭಾವ ನನ್ನ ಕಡೆ ತಿರುಗಲಿಲ್ಲ. ಮಗಳ ಕಡೆ ತಿರುಗಿದರು. "ಬಾಯ್ ಬಂತಾ ನಿಂಗೆ? ನಾಕ್ ಜನದ್ ಮುಂದೆ ಅಪ್ಪನ್ ಮರ್ವಾದೆ ಕಳೆಯೋಳು ಹಾಸನಕ್ ಓಗಿ ಏನ್ ಸೇವೆ ಮಾಡೀಯೆ? ಇಲ್ಲ ಓಗು. ಕಾರ್ ಸರಿಯಾದ್ರೂ ಇಲ್ಲ."

ಹುಡುಗಿ ಅಳಲಿಲ್ಲ. ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

ನಾನು ಕೊಟ್ಟಿಗೆಯಿಂದ ಗೋಣಿಚೀಲ ತಂದು ರೇಡಿಯೇಟರಿಗೆ ಸುತ್ತಿ ಹುರಿಯಲ್ಲಿ ಬಿಗಿದೆ.

"ಅದನ್ನೆಲ್ಲಿಗ್ ತಗೊಂಡೋಯ್ತೀಯೆ?"

"ಹಾಸನದ ಮೇಲೆ ನಮ್ಮನೆಗೆ. ಪ್ರೇಮ, ಬಟ್ಟೆ ತಗೋ. ಸಂಜೆ ಬಸ್ಸಿಗೆ ಹಾಸನ. ರಾತ್ರಿ ನಮ್ಮ ಷಡ್ಡಕನ ಮನೇಲಿ ಇದ್ದು ಬೆಳಿಗ್ಗೆ ಇಂಟರ್‌ವ್ಯೂಗೆ ಹೋಗುವಂತೆ."

"ಲೇ, ಮಡಗ್ಲಾ ಕೆಳಗೆ! ಮುಂದಿನ್ ವಾರದಿಂದ ತಾಲ್ಲೂಕ್ ಬೋರ್ಡ್ ಎಲೆಕ್ಷನ್ನಿಗೆ ಊರೂರ್ ತಿರುಗಬೇಕು. ಕಾರಿಲ್ದೆ ಯಾವೋನ್ ಓಟ್ ಹಾಕ್ತಾನೆ?"

"ಹಂಗಾದ್ರೆ ಕೇಳ್ಕೊಳಿ. ಹುಡುಗಿ ಟ್ರೈನಿಂಗಿಗೆ ಹೊರಟ ದಿನ ಇದು ವಾಪಸ್ ಬತ್ತದೆ. ಅಲ್ಲೀಗಂಟ ಎತ್ತಿನ್ ಗಾಡೀಲಿ ಓಟ್ ಕೇಳಿ. ನಡುದಾರೀಲಿ ಕುದಿಯಾಕಿಲ್ಲ."

ಭಾವ ಕಾರಿನ ಕಡೆ ನೋಡಿದರು. ನಡುವೆ ದೊಡ್ಡ ತೂತಾಗಿ ಎಂಜಿನ್ನು ಬೆತ್ತಲೆ ಕಾಣುತ್ತಿತ್ತು. ಮಗಳ ಕಡೆ ನೋಡಿದರು. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗುವುದಕ್ಕೂ ಆ ಮನುಷ್ಯನಿಗೆ ಅಷ್ಟು ಹೊತ್ತು ಬೇಕಾಯಿತು. ಕೊನೆಗೆ, "ಓಗ್ಲಿ, ಕರ್ಕಂಡೋಗು. ಅದನ್ ಇಲ್ಲೇ ಮಡಗು," ಅಂದರು.

"ನಿಮ್ಮನ್ನ ನಂಬಿ ಒಂದ್ಸಲ ಗಾಡಿ ಕೊಡಿಸಿದ್ದು ಸಾಕು."

ಅಕ್ಕ ಮಗಳ ಕೈಗೆ ಬುತ್ತಿ ಕೊಟ್ಟಳು.

ಬಸ್ಸಿನ ಕಂಡಕ್ಟರ್ ಗೋಣಿಯ ಗಂಟನ್ನು ಒದ್ದು ನೋಡಿದ. "ಇದೇನ್ ಸ್ವಾಮಿ?"

"ನಮ್ಮ ಭಾವನ ಮರ್ಯಾದೆ. ಒದೀಬ್ಯಾಡ, ಸೋರ್ತದೆ."

ಪ್ರೇಮ ಕಿಟಕಿಯ ಕಡೆ ತಿರುಗಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಅವಳನ್ನು ಆರಿಸಿಕೊಂಡರು. ಅವಳು ಟ್ರೈನಿಂಗಿಗೆ ಹೊರಟ ದಿನ ಹೊಟ್ಟು ತೆಗೆದು ತೊಳೆದ ರೇಡಿಯೇಟರನ್ನು ಹಳೇಕೋಟೆಗೆ ಮುಟ್ಟಿಸಿದೆ. ಎಲೆಕ್ಷನ್ ಅಷ್ಟರಲ್ಲಿ ಮುಗಿದಿತ್ತು, ಭಾವ ಸೋತಿದ್ದರು. ಕಾರು ಯಾಕೆ ನಿಂತಿತ್ತು ಎಂದು ಕೇಳಿದವರಿಗೆ, ಸಾಮಾನು ಅಮೆರಿಕದಿಂದ ಹಡಗಿನಲ್ಲಿ ಬರಬೇಕಾಗಿತ್ತು, ಅದಕ್ಕೇ ತಡವಾಯಿತು ಎಂದರಂತೆ. ಊರಿನವರೆಲ್ಲ ಹೌದು ಹೌದು ಅಂದರಂತೆ.