ಆ ತೊಟ್ಟಿಗೆ ಪೆಟ್ರೋಲ್ ಬೇಡ

"ನೀರಿಗೆ ಗ್ರೀಸ್ ಹೋಗುತ್ತಾ ಅಮ್ಮಾ? ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ!"

ಮಾವ ಸ್ಕೂಟರಿನ ಮಸಿ ಹಿಡಿದ ಕಾರ್ಬ್ಯುರೇಟರ್ ಕೈಯಲ್ಲಿಟ್ಟುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಸ್ಕೂಟರ್ ರಿಪೇರಿಯಲ್ಲೇ ತಲೆ ನರೆತ ಮನುಷ್ಯ. ಗ್ಯಾರೇಜ್ ಮುಚ್ಚಿ ಎರಡು ವರ್ಷವಾಗಿತ್ತು. ಆದರೂ ಬೀದಿಯಲ್ಲಿ ಯಾರದಾದರೂ ಸ್ಕೂಟರ್ ಕೆಮ್ಮಿದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

ಸೊಸೆ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ ಉಪಕರಣಗಳನ್ನು ತೊಳೆದು ಶುದ್ಧಮಾಡಿ ಇಡುವ ಕೆಲಸದವಳು. ಅಲ್ಲಿರುವಂಥದ್ದೇ ಒಂದು ಪುಟ್ಟ ಅಲ್ಟ್ರಾಸಾನಿಕ್ ಕ್ಲೀನರ್ ಮನೆಗೂ ತಂದಿದ್ದಳು. ಬ್ರೆಡ್ಡಿನ ಡಬ್ಬಿಯಷ್ಟು ಸ್ಟೀಲ್ ತೊಟ್ಟಿ. ನೀರು ತುಂಬಿ ಗುಂಡಿ ಒತ್ತಿದರೆ ಗುಂಯ್ ಅನ್ನುತ್ತದೆ. ನೀರೊಳಗೆ ಕಣ್ಣಿಗೆ ಕಾಣದ ಗುಳ್ಳೆಗಳು ಎದ್ದು ಒಡೆದು, ಬ್ರಷ್ ಹೋಗದ ಸಂದಿಯ ಕೊಳೆಯನ್ನೂ ಕಿತ್ತು ಹಾಕುತ್ತವೆ. ಅತ್ತೆಯ ಕನ್ನಡಕ, ಮಾವನ ಹಲ್ಲಿನ ಸೆಟ್ಟು ಅದರಲ್ಲೇ ಹೊಳಪಾಗುತ್ತಿದ್ದವು. ಕಾರ್ಬ್ಯುರೇಟರನ್ನೂ ಅದರ ನೀರಲ್ಲೇ ತೊಳೆಯೋಣ ಅಂದಿದ್ದಳು.

"ಗ್ಯಾರೇಜಲ್ಲಿ ಎಲ್ಲಾ ಪೆಟ್ರೋಲಲ್ಲೇ ತೊಳೀತಿದ್ವಿ. ಎರಡು ಲೋಟ ಸುರಿ, ಆಮೇಲೆ ನೋಡು ತಮಾಷೆ," ಅಂದರು ಮಾವ.

"ಆ ತಮಾಷೆ ಬೇಡ ಮಾವ. ಇದು ಬಿಸಿಯಾಗೋ ಮಿಷನ್ನು, ಒಳಗೆ ಕರೆಂಟಿದೆ. ಪೆಟ್ರೋಲು, ಥಿನ್ನರು, ಸ್ಪಿರಿಟ್ಟು ಯಾವುದು ಹಾಕಿದ್ರೂ ಆವಿ ಎದ್ದು ಮನೆ ತುಂಬುತ್ತೆ. ಒಂದು ಕಿಡಿ ಸಾಕು."

"ಮೂವತ್ತು ವರ್ಷದಲ್ಲಿ ನನ್ನ ಮೀಸೆಯ ಒಂದು ಕೂದಲೂ ಸುಟ್ಟಿಲ್ಲ!"

"ನಿಮ್ಮ ಗ್ಯಾರೇಜಿಗೆ ಇದ್ದಿದ್ದೇ ಮೂರು ಗೋಡೆ, ಗಾಳಿ ಆಡ್ತಿತ್ತು. ಇಲ್ಲಿ ಎರಡು ಹೆಜ್ಜೆಗೆ ಒಲೆ ಇದೆ."

ಮಾವನಿಗೆ ರೇಗಿತು. "ಹಲ್ಲು ಕೀಳೋ ಇಕ್ಕಳ ತೊಳೆಯೋಳು ನನಗೆ ಪಾಠ ಹೇಳ್ತಾಳೆ!"

ಮಾತು ಚುಚ್ಚಿತು. ಆದರೆ ಸೊಸೆ ತಲೆ ತಗ್ಗಿಸಲಿಲ್ಲ.

"ಹೌದು ಮಾವ, ತೊಳೆಯೋಳೇ. ಯಾವುದನ್ನ ಯಾವುದರಲ್ಲಿ ತೊಳೀಬೇಕು ಅನ್ನೋದೇ ನನ್ನ ವಿದ್ಯೆ. ನೀವು ಬೈಯಿರಿ, ಬೇಕಾದ್ರೆ ಮಾತು ಬಿಡಿ. ನಾನಿರೋ ತನಕ ಆ ತೊಟ್ಟಿಗೆ ಪೆಟ್ರೋಲ್ ಬೀಳಲ್ಲ!"

ಅತ್ತೆ ನಡುವೆ ಬಂದರು. "ಜಗಳ ಯಾಕೆ? ಬ್ಲೀಚಿಗೆ ಒಂಚೂರು ಟಾಯ್ಲೆಟ್ ತೊಳೆಯೋ ಆ್ಯಸಿಡ್ ಸೇರಿಸಿ ಹಾಕಿದ್ರೆ ಆಯ್ತಪ್ಪ."

"ಅಯ್ಯೋ ಅತ್ತೆ! ಅವೆರಡು ಸೇರಿದ್ರೆ ವಿಷದ ಗಾಳಿ ಏಳುತ್ತೆ, ಉಸಿರೇ ಕಟ್ಟುತ್ತೆ. ಬೇರೆ ಬೇರೆ ಹಾಕಿದ್ರೂ ಸ್ಟೀಲನ್ನ ತಿಂದುಹಾಕುತ್ತೆ."

ಅಷ್ಟು ಹೇಳಿ ಸೊಸೆ ಮಿಷನ್ನಿನ ವೈರನ್ನೇ ಕಿತ್ತು ಬ್ಯಾಗಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟಳು.

ಹಠಕ್ಕೆ ಮದ್ದುಂಟೇ? ಮಾವ ಪಕ್ಕದ ಮನೆಯಿಂದ ಕಂಪ್ಯೂಟರಿನ ವೈರು ಕೇಳಿ ತಂದರು. ಅದು ಸರಿಯಾಗಿ ಕೂತಿತು.

ಸಂಜೆ ಸೊಸೆ ಗೇಟು ತೆಗೆಯುವಾಗಲೇ ಮೂಗಿಗೆ ಪೆಟ್ರೋಲ್ ವಾಸನೆ ಬಡಿಯಿತು. ಒಳಗೆ ಗುಂಯ್ ಅನ್ನುತ್ತಿತ್ತು. ಮಾವ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನೆಗಡಿಯಿಂದ ಮೂಗು ಕಟ್ಟಿದ್ದ ಅತ್ತೆ ಟೀ ಇಡಲು ಒಲೆಯತ್ತ ನಡೆದಿದ್ದರು.

"ಅತ್ತೇ! ಕಡ್ಡಿ ಗೀಚಬೇಡಿ! ಇಬ್ಬರೂ ಹೊರಗೆ ಬನ್ನಿ!"

"ಇರು ಮಾರಾಯ್ತಿ, ಆಫ್ ಮಾಡ್ತೀನಿ..." ಮಾವ ಗೋಡೆಯ ಸ್ವಿಚ್ಚಿಗೆ ಕೈ ಚಾಚಿದರು.

"ಸ್ವಿಚ್ ಮುಟ್ಟಬೇಡಿ! ಅದರಲ್ಲೂ ಕಿಡಿ ಇರುತ್ತೆ!"

ಬಾಗಿಲು ಹಾರು ಹೊಡೆದು, ಇಬ್ಬರ ರಟ್ಟೆಯನ್ನೂ ಹಿಡಿದು ಬೀದಿಗೆ ಎಳೆದು ತಂದಳು. ಆಮೇಲೆ ಗೇಟಿನ ಪಕ್ಕದ ಮೀಟರ್ ಪೆಟ್ಟಿಗೆಯಲ್ಲಿ ಇಡೀ ಮನೆಯ ಕರೆಂಟು ತೆಗೆದಳು.

ಮಾವ ಸುತ್ತ ನೆರೆದವರನ್ನು ನೋಡಿ ಸಿಡಿದರು. "ಊರಿಗೆಲ್ಲ ಕೇಳೋ ಹಾಗೆ ಕಿರುಚಿದೆಯಲ್ಲ, ಏನಾಯ್ತೀಗ? ಏನೂ ಆಗ್ಲಿಲ್ಲವಲ್ಲ!"

ಅತ್ತೆ ಮೆಲ್ಲಗೆ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಬೆವರಿಗೆ ಒದ್ದೆಯಾದ ಬೆಂಕಿಕಡ್ಡಿ ಇತ್ತು.

"ಏನೂ ಆಗ್ಲಿಲ್ವಾ ರೀ? ಗೀಚೋಕೆ ಅಂತಾನೇ ತೆಗೆದಿದ್ದೆ. ಇವಳು ಒಂದು ಉಸಿರು ತಡವಾಗಿ ಕೂಗಿದ್ರೆ, ನಿಮ್ಮ ಮೂವತ್ತು ವರ್ಷದ ಅನುಭವ ನನ್ನ ಮೈಗೆ ಹತ್ತಿದ ಬೆಂಕಿ ಆರಿಸ್ತಿತ್ತಾ?"

ಎರಡು ದಿನ ಮಾವ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಬಾಗಿಲು ಕಿಟಕಿ ತೆರೆದಿಟ್ಟು ಆವಿ ಇಳಿದ ಮೇಲೆ, ಕರೆಂಟು ಹಾಕುವ ಮೊದಲೇ ಪೆಟ್ರೋಲನ್ನು ಚರಂಡಿಗೆ ಚೆಲ್ಲದೆ, ಮುಚ್ಚಳದ ಕ್ಯಾನಿಗೆ ತುಂಬಿ ಪೇಟೆಯ ಬೇರೊಂದು ಗ್ಯಾರೇಜಿಗೆ ಮುಟ್ಟಿಸಿ ಬಂದರು. ತೊಟ್ಟಿಯೂ ಕಾರ್ಬ್ಯುರೇಟರೂ ಅಂಗಳದ ಗಾಳಿಯಲ್ಲಿ ಒಣಗಿದವು.

ಮೂರನೇ ದಿನ ತಾವಾಗಿಯೇ ಬಂದು ನಿಂತರು. "ನಿನ್ನ ನೀರಿನ ವಿದ್ಯೆ ತೋರಿಸಮ್ಮ."

ಸೊಸೆ ಮೊದಲು ಬಟ್ಟೆಯಲ್ಲಿ ಜಿಡ್ಡು ಒರೆಸಲು ಹೇಳಿದಳು. ರಬ್ಬರಿನ ಭಾಗಗಳನ್ನು ಬಿಚ್ಚಿಸಿದಳು. ತೊಟ್ಟಿಯ ಗೆರೆವರೆಗೆ ಬೆಚ್ಚಗಿನ ನೀರು ತುಂಬಿ, ಪಾತ್ರೆ ತೊಳೆಯುವ ಸೌಮ್ಯ ಸೋಪಿನ ನಾಲ್ಕೈದು ಹನಿ ಬಿಟ್ಟಳು. ತಳಕ್ಕೆ ತಾಗದಂತೆ ಜಾಲರಿ ಬುಟ್ಟಿಯಲ್ಲಿ ಕಾರ್ಬ್ಯುರೇಟರ್ ಇಳಿಸಿದಳು.

"ಮಿಷನ್ ಓಡುವಾಗ ಕೈ ಅದ್ದಬೇಡಿ."

ಸಂದಿಸಂದಿಯಿಂದ ಕರಿ ಮೋಡದ ಹಾಗೆ ಕೊಳೆ ಹೊರಟಿತು. ಐದು ನಿಮಿಷಕ್ಕೆ ತೆಗೆದು, ಒಳ್ಳೆ ನೀರಲ್ಲಿ ಜಾಲಿಸಿ, ತಕ್ಷಣ ಒಣಗಿಸಿದಳು. ಮಾವ ಅದರ ಸೂಜಿಮೊನೆಯಷ್ಟು ತೂತನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಆಚೆ ಬೆಳಕು ಕಂಡಿತು.

"ಸೋತೆ ಕಣಮ್ಮಾ."

"ಸೋಲು ಗೆಲುವು ಇರಲಿ ಮಾವ. ಇಕ್ಕಳ ತೊಳೆಯೋಳು ಅಂದ್ರಲ್ಲ, ಆ ಮಾತು ವಾಪಸ್ ತಗೊಳ್ಳಿ."

ಮಾವ ತಡವರಿಸಿದರು. ಅತ್ತೆ ಕೆಮ್ಮಿದರು.

"ತಗೊಂಡೆ. ತಪ್ಪಾಯ್ತು. ಅಂದಹಾಗೆ, ನನ್ನ ಹಲ್ಲಿನ ಸೆಟ್ಟು..."

"ಈ ತೊಟ್ಟಿ ಇನ್ನು ಸ್ಕೂಟರಿನದು. ಬಾಯಿಗೆ ಹೋಗೋ ವಸ್ತು ಇದಕ್ಕೆ ಇಳಿಯಂಗಿಲ್ಲ. ನಿಮ್ಮ ಹಲ್ಲು ನೀವೇ ಉಜ್ಜಿಕೊಳ್ಳಿ!"

ಅತ್ತೆ ನಕ್ಕ ನಗು ಬೀದಿಗೆ ಕೇಳಿಸಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಿಷನ್ ಇದ್ದರೆ ಬೆಚ್ಚಗಿನ ನೀರು, ನಾಲ್ಕು ಹನಿ ಸೌಮ್ಯ ಸೋಪು ಸಾಕು. ಬೇರೆ ದ್ರಾವಣ ಬೇಕೆನಿಸಿದರೆ, ಇದೇ ಮಿಷನ್ನಿಗೆಂದು ಬಾಟಲಿಯ ಮೇಲೆ ಬರೆದಿರುವುದನ್ನೇ ತನ್ನಿ. ಮುತ್ತು, ಅಂಟಿಸಿದ ಹರಳಿನ ಒಡವೆ ಹಾಕಬೇಡಿ. ತೊಟ್ಟಿ ಖಾಲಿಯಿದ್ದಾಗ ಓಡಿಸಬೇಡಿ. ಪೆಟ್ರೋಲ್, ಥಿನ್ನರ್, ಸ್ಪಿರಿಟ್, ಬ್ಲೀಚ್, ಆ್ಯಸಿಡ್ ಹಿಡಿದು ಯಾರೇ ಬರಲಿ, ಹಿರಿಯರಾಗಲಿ, ಹಳೇ ಕೈಯಾಗಲಿ, ಅಡ್ಡ ನಿಲ್ಲಿ. "ಬೇಡ" ಅನ್ನಿ. ಒಂದು ಸಲ ಅಂದರೆ ಕೇಳದವರಿಗೆ ಹತ್ತು ಸಲ ಅನ್ನಿ. ಮರ್ಯಾದೆಗೆಟ್ಟವಳು ಅನ್ನಿಸಿಕೊಂಡರೂ ಚಿಂತೆಯಿಲ್ಲ, ಮನೆಮಂದಿ ಬದುಕಿರುತ್ತಾರೆ.