ಹಕ್ಕಿಗಳ ಬೆನ್ನು ಮಾತ್ರ ಕಂಡ ಕವಣೆ

ನಾನು ಒಂದು ಕವಣೆ. ಹುಟ್ಟಿದ್ದು ಪುಂಡಿನಾರಿನಲ್ಲಿ, ಕಳಕಪ್ಪನ ತೊಡೆಯ ಮೇಲೆ. ಅವನು ನಾರು ಹೊಸೆದು ಎರಡು ಹುರಿ ಮಾಡಿದ, ನಡುವೆ ಕಲ್ಲು ಕೂರುವಷ್ಟು ತೊಟ್ಟಿಲು ಹೆಣೆದ. ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಮುಷ್ಟಿಗೆ. ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಆ ತುದಿ ಬಿಟ್ಟರೆ ಕಲ್ಲು ಹಾರುತ್ತದೆ, ನಾನು ಚಟಾರೆನ್ನುತ್ತೇನೆ. ಜಂಬ ಅನ್ನಿ ಬೇಕಾದರೆ, ನನ್ನ ಸದ್ದು ಮೂರು ಹೊಲದಾಚೆ ಕೇಳುತ್ತಿತ್ತು.

ಎರೆಹೊಲದ ಬದುವಿನ ಮೇಲೆ ನಾಲ್ಕು ಗೂಟದ ಅಟ್ಟ. ಅದೇ ನನ್ನ ಲೋಕ. ಗಿಳಿ, ಗುಬ್ಬಿ, ಗೀಜಗ, ಯಾವುದು ಬಂದರೂ ಓಡಿಸಿದೆ. ಎಲ್ಲವೂ ನನಗೆ ಬೆನ್ನು ತೋರಿಸಿಯೇ ಹೋದವು. ಹಕ್ಕಿ ಅಂದರೆ ಓಡುವ ಬೆನ್ನು ಎಂದೇ ತಿಳಿದಿದ್ದೆ.

ಕಳಕಪ್ಪನ ರಟ್ಟೆ ಸೋತ ಮೇಲೆ ಸೊಸೆ ಫಕೀರವ್ವನ ಕೈಗೆ ಬಂದೆ. ಸುಳ್ಳೇಕೆ ಹೇಳಲಿ, ಅವಳ ಗುರಿ ಮಾವನಿಗಿಂತ ಚೆನ್ನಾಗಿತ್ತು. ಒಂದೇ ಕೊರತೆ. ಬೀಸುವ ಮೊದಲು ಹಕ್ಕಿಯನ್ನು ಒಂದು ಗಳಿಗೆ ನೋಡುತ್ತ ನಿಲ್ಲುತ್ತಿದ್ದಳು. ಅಟ್ಟದ ಕೆಳಗೆ ಹಗ್ಗದ ಹೊರಸಿನ ಮೇಲೆ ಕೂತ ಮುದುಕನಿಗೆ ಅದು ಆಗುತ್ತಿರಲಿಲ್ಲ.

"ಏನ್ ಹೆಣ್ಣು ನೋಡಾಕ ಬಂದೀಯೇನ? ಹಾರ್ಸು" ಅನ್ನುತ್ತಿದ್ದ.

ಅವನ ಸಿಟ್ಟಿಗೂ ಕಾರಣವಿತ್ತು. ಹಿಂದಿನ ವರ್ಷ ಕಡಲೆಯನ್ನೆಲ್ಲ ಹಸಿರು ಹುಳ ಉಂಡು, ಮನೆಗೆ ಹೊಟ್ಟು ಬಿಟ್ಟಿತ್ತು. ಈ ಸಲ ಬಿತ್ತಿದ್ದು ಬೂದಿ ಬೆರೆಸಿ ಕಾದಿಟ್ಟಿದ್ದ ಕೊನೆಯ ಬೀಜ. ಇದೂ ಹೋದರೆ ಆ ಮನೆಯ ಕಡಲೆಯ ತಳಿಯೇ ಮುಗಿದಂತೆ.

ಕಾರ್ತಿಕ ಮುಗಿಯುವ ಹೊತ್ತಿಗೆ ಕಡಲೆ ಹೂಬಿಟ್ಟಿತು. ಒಂದು ಸಂಜೆ ಫಕೀರವ್ವ ನನ್ನನ್ನು ಹೆಗಲಿಗೆ ಹಾಕಿಕೊಂಡು ಸಾಲಿನೊಳಗೆ ಕಾಲಿಟ್ಟಳು. ಅವಳ ಕಾಲ ಸುತ್ತ ಪತಂಗಗಳು ಎದ್ದವು. ಒಣ ಎಲೆಯ ಬಣ್ಣ, ಉಗುರಿನಷ್ಟು ಮೈ. ಒಂದೊಂದು ಹೆಜ್ಜೆಗೂ ನೂರಾರು. ಮುಳುಗುವ ಬಿಸಿಲಿನಲ್ಲಿ ಹೊಲವೇ ಉಸಿರಾಡಿದಂತಿತ್ತು. ಎಷ್ಟು ಚೆಂದ, ನಾನು ಬೆರಗಾದೆ. ಅವಳೂ ಅಷ್ಟೇ.

"ಚೆಂದ ಅಲ್ಲವ್ವ, ತತ್ತಿ ಇಡಾಕ ಬಂದಾವ" ಎಂದ ಕಳಕಪ್ಪ.

ಅವನ ಮಾತು ನಿಜವಾಯಿತು. ಕೆಲವೇ ದಿನಗಳಲ್ಲಿ ಎಲೆಎಲೆಗೂ ಹುಳ. ಅದರ ಹಿಂದೆಯೇ ಹಕ್ಕಿಗಳೂ ಇಳಿದವು. ಕಾಯಿ ಕುಕ್ಕಲು ಬಂದವೆಂದು ಮುದುಕ ಕೂಗಿದ, ಫಕೀರವ್ವ ಬೀಸಿದಳು, ನಾನು ಚಟಾರೆಂದೆ. ಹೊಲ ಉಳಿಸುತ್ತಿದ್ದೇನೆಂಬ ಹೆಮ್ಮೆ ನನಗೆ. ಎಳ್ಳಮಾಸಿ ಹಬ್ಬದ ಹಿಂದಿನ ದಿನ ಒಂದು ಕಲ್ಲು ನೇರ ತಾಗಿತು. ಗುಲಾಬಿ ಮೈ, ಕಪ್ಪು ತಲೆಯ ಕಬ್ಬಕ್ಕಿ. ಫಕೀರವ್ವ ಓಡಿಹೋಗಿ ಎತ್ತಿ ತಂದಳು. ಮುದುಕನ ಹೊರಸಿನ ಮೇಲೆ ಅದನ್ನಿಟ್ಟು ನನ್ನನ್ನೂ ಪಕ್ಕಕ್ಕಿಟ್ಟಳು. ಮೊದಲ ಸಲ ನಾನು ಹಕ್ಕಿಯೊಂದರ ಮುಖ ನೋಡಿದೆ. ಕಣ್ಣು ಮುಚ್ಚಿತ್ತು.

"ಮಾವಾರ, ಇದರ ಬಾಯಾಗ ಕಾಳಿಲ್ರಿ. ಹುಳಾ ಐತಿ."

ಕೊಕ್ಕಿನಲ್ಲಿ ಹಸಿರು ಹುಳ ಇನ್ನೂ ಮಿಸುಕುತ್ತಿತ್ತು. ಕಳಕಪ್ಪ ಅದನ್ನು ಬೆರಳಿನಿಂದ ಬಿಡಿಸಿ ಅಂಗೈಗೆ ಹಾಕಿಕೊಂಡ. ನಾಚಿಕೆಯಿಂದ ನನ್ನ ಹುರಿಯೆಲ್ಲ ಸಡಿಲಾದಂತಾಯಿತು.

"ಹೋದ ವರ್ಷಾನೂ ನಾನಽ ಇವನ್ನ ಹಾರ್ಸಿದ್ನಿ" ಅಂದ.

ಮರುದಿನ ಚರಗ ಚೆಲ್ಲುವ ಹಬ್ಬ. ಸಜ್ಜೆ ಕಡುಬು, ಅನ್ನ, ಪಲ್ಯ ಕಲಸಿ ಭೂಮಿತಾಯಿಗೆ ಎರಚುವುದು. ಕೈಯಿಂದ ಎರಚಿದರೆ ಬದುವಿನ ಅಂಚಿಗಷ್ಟೇ ಬೀಳುತ್ತದೆ. ಒಳಗೆ ಹೋದರೆ ಗಿಡ ಮುರಿಯುತ್ತವೆ. ಬುಟ್ಟಿ ಹಿಡಿದು ನಿಂತ ಸೊಸೆಗೆ ಮುದುಕ ಹೇಳಿದ, "ಕವಣ್ಯಾಗ ಇಟ್ಟು ಬೀಸು. ನಡು ಹೊಲಕ್ಕ ಹೋಗ್ಲಿ. ಹಕ್ಕಿಗೂ ಊಟಕ್ಕ ಕರೆ ಹೋಗ್ಲಿ."

ಕಲ್ಲು ಕೂರುತ್ತಿದ್ದ ತೊಟ್ಟಿಲಿಗೆ ಬೆಚ್ಚನೆಯ ಕಡುಬು ಬಂತು. ಅವಳು ಬೀಸಿದಳು. ಕಡುಬು ಗಾಳಿಯಲ್ಲೇ ಒಡೆದು ನಡು ಹೊಲದ ಮೇಲೆಲ್ಲ ಉದುರಿತು. ನಾನು ಚಟಾರೆನ್ನಲಿಲ್ಲ. ಹೇಗೆ ತಡೆದೆನೋ ನನಗೇ ಗೊತ್ತಿಲ್ಲ. ಮೆತ್ತಗೆ ಬೀಸಿದ್ದಳು, ಅಷ್ಟೇ ಇದ್ದೀತು.

ಮೊದಲು ನಾಲ್ಕು ಕಬ್ಬಕ್ಕಿ ಇಳಿದವು. ಆಮೇಲೆ ಆಕಾಶವೇ ತಿರುಗಿತು. ಸಾವಿರಾರು ಹಕ್ಕಿ ಒಂದೇ ಮೈಯಾಗಿ ಬಾಗಿ, ಮೇಲೆದ್ದು, ಮತ್ತೆ ಬಾಗಿ ಕಡಲೆಯ ಮೇಲೆ ಕವುಚಿದವು. ಹಿಂದಿನವು ಮುಂದಿನವನ್ನು ದಾಟಿ ಇಳಿಯುತ್ತ, ಸಾಲಿನಿಂದ ಸಾಲಿಗೆ ಉರುಳಿದವು. ಅವುಗಳ ರೆಕ್ಕೆಯ ಗಾಳಿಗೆ ನನ್ನ ಹುರಿ ಅಲುಗಾಡಿತು. ಎಷ್ಟು ದೇಶ ದಾಟಿ ಈ ಎರಡೆಕರೆಗೆ ಬಂದವೋ. ಇಂಥವರನ್ನೇ ನಾನು ಇಷ್ಟು ವರ್ಷ ಅಟ್ಟಿದ್ದು. ಫಕೀರವ್ವ ಬುಟ್ಟಿ ಹಿಡಿದು ನಿಂತೇ ಇದ್ದಳು. ಮುದುಕ ಹೊರಸಿನಿಂದೆದ್ದು ಕೈಮುಗಿದ.

ಬದುವಿನ ಜೋಳವನ್ನೂ ಅವು ಒಂದಿಷ್ಟು ಮುಕ್ಕಿದವು. ಕಳಕಪ್ಪ ಗೊಣಗಿದ, ಆದರೆ ಹಾರಿಸು ಅನ್ನಲಿಲ್ಲ. ಆ ವರ್ಷ ಕಡಲೆ ಮನೆಗೆ ಬಂತು. ಬೀಜಕ್ಕೆಂದು ಮತ್ತೆ ಬೂದಿ ಬೆರೆಸಿದರು.

ಈಗ ಕಳಕಪ್ಪನಿಲ್ಲ. ನನ್ನ ನಾರೂ ಹರಿದಿದೆ. ಹಕ್ಕಿ ಕೂರಲೆಂದು ಫಕೀರವ್ವ ಹೊಲದ ನಡುವೆ ಕವಲುಗೂಟ ನೆಟ್ಟು, ನನ್ನನ್ನು ಅದಕ್ಕೇ ಕಟ್ಟಿದ್ದಾಳೆ. ಹಗಲು ನನ್ನ ತೊಟ್ಟಿಲಿನಲ್ಲಿ ಒಮ್ಮೊಮ್ಮೆ ಪತಂಗವೊಂದು ರೆಕ್ಕೆ ಮಡಚಿ ಮಲಗುತ್ತದೆ. ಈ ಕಾರ್ತಿಕದಲ್ಲಿ ಒಂದು ಕಬ್ಬಕ್ಕಿ ಗೂಟದ ಮೇಲೆ ಕೂತು, ತಲೆ ಓರೆ ಮಾಡಿ ನನ್ನನ್ನೇ ನೋಡಿತು. ಇದರ ಕಣ್ಣು ತೆರೆದಿತ್ತು. ನಾನು ಅಲುಗಾಡದೆ ಇದ್ದೆ, ಅದು ಹಾರಿಹೋಗದಿರಲಿ ಎಂದು.